ಮಠದ ಪೆಟ್ಟಿಗೆಯಲ್ಲಿ ಉಳಿದ ಸುಲ್ತಾನನ ಕಾಗದಗಳು

ಕಳೆದ ಮಳೆಗಾಲದ ಒಂದು ಜುಮಾ ದಿನ ನಮ್ಮ ಖತೀಬರು ಪವಿತ್ರ ಕುರ್‌ಆನಿನ ಅಲ್-ಹಜ್ಜ್ ಅಧ್ಯಾಯದ 40ನೇ ಸೂಕ್ತವನ್ನು ಎತ್ತಿಕೊಂಡು ಖುತ್ಬಾ ಹೇಳಿದರು. ಜನರಲ್ಲಿ ಕೆಲವರನ್ನು ಇನ್ನು ಕೆಲವರ ಮೂಲಕ ಅಲ್ಲಾಹನು ತಡೆಯದೆ ಹೋಗಿದ್ದರೆ ದೇವನಾಮ ಸ್ಮರಿಸುವ ಆರಾಧನಾಲಯಗಳೆಲ್ಲ ನೆಲಸಮವಾಗುತ್ತಿದ್ದವು ಎಂಬುದು ಆ ಸೂಕ್ತದ ತಾತ್ಪರ್ಯ. ಖತೀಬರು ಒಂದು ಮಾತಿನತ್ತ ನಮ್ಮ ಗಮನ ಸೆಳೆದರು. ಅಲ್ಲಿ ಆರಾಧನಾಲಯಗಳನ್ನು ಹೆಸರಿಸುವಾಗ ಮೊದಲು ಬರುವುದು ಸನ್ಯಾಸಿಗಳ ಮಠ, ನಂತರ ಚರ್ಚು, ಯಹೂದಿಗಳ ಪ್ರಾರ್ಥನಾಲಯ, ಕೊನೆಗೆ ಮಸೀದಿ. ನಾನು ಎಷ್ಟೋ ಸಲ ಓದಿದ ಸೂಕ್ತ ಅದು. ಆದರೆ ಮಠ ಎಂಬ ಪದ ಮೊದಲಿಗಿದೆ ಎಂಬುದನ್ನು ಅಂದಿನವರೆಗೆ ಗಮನಿಸಿರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಾದ ನಮಗೆ ಮಠ ಎಂದರೆ ಪುಸ್ತಕದ ಮಾತಲ್ಲ. ಬಸ್ಸಿನಲ್ಲಿ ಹೋಗುವಾಗ ಒಂದಾದ ಮೇಲೊಂದು ಸಿಗುತ್ತವೆ. ಹರಿಹರಪುರದಲ್ಲಿ ತುಂಗೆಯ ದಡಕ್ಕೆ ಒಂದು ಮಠ. ಹಿಂದೆ ಯಡೇಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಜೈನ ಮಠ. ಅಲ್ಲಿನ ಜ್ವಾಲಾಮಾಲಿನಿ ಮೂರ್ತಿ ಗೇರುಸೊಪ್ಪೆಯಿಂದ ಬಂದದ್ದೆಂದು ಹೇಳುತ್ತಾರೆ. ಗೇರುಸೊಪ್ಪೆ ಹಾಳಾಯಿತು, ಅದರ ನೆನಪು ಇಲ್ಲಿ ಉಳಿಯಿತು. ಶೃಂಗೇರಿಯಲ್ಲಂತೂ ಶಂಕರಾಚಾರ್ಯರ ಪರಂಪರೆಯ ಶಾರದಾ ಪೀಠ, ಊರ ನಡುವೆ 12ನೇ ಶತಮಾನದ ಪಾರ್ಶ್ವನಾಥ ಬಸದಿ. ನಮ್ಮ ಹಿರಿಯರು ಈ ಮಠಗಳ ಗೇಣಿ ತೋಟಗಳಲ್ಲಿ ದುಡಿದಿದ್ದಾರೆ, ಇವುಗಳ ಜಾತ್ರೆಗಳಲ್ಲಿ ಬಳೆ, ಬಟ್ಟೆ ಮಾರಿದ್ದಾರೆ.

ಈ ಲೇಖನ ಶೃಂಗೇರಿ ಮಠದ ಬಗ್ಗೆ. ಮಠದ ಇಡೀ ಇತಿಹಾಸ ಹೇಳುವ ಅರ್ಹತೆ ನನಗಿಲ್ಲ. ಆ ಮಠ ಮಠವಾಗಿ ಉಳಿಯದೆ ಖಾಲಿ ಕಟ್ಟಡವಾಗಿ ನಿಂತಿದ್ದ ಒಂದು ಕಾಲ, ಆಗ ಬಂದ ಕೆಲವು ಕಾಗದಗಳು, ಆ ಕಾಗದಗಳಿಗೆ ಮುಂದೆ ಏನಾಯಿತು ಎಂಬುದಷ್ಟೇ ನನ್ನ ವಿಷಯ. "ಟಿಪ್ಪು ಸುಲ್ತಾನರು ಶೃಂಗೇರಿಗೆ ದಾನ ಕೊಟ್ಟರು" ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ವೇದಿಕೆಗಳಲ್ಲಿ ಕೇಳುತ್ತೇವೆ, ವಾಟ್ಸಾಪ್ ಗುಂಪುಗಳಲ್ಲಿ ದಿನಕ್ಕೊಂದು ಹೊಸ ಮೊತ್ತದೊಂದಿಗೆ ಓದುತ್ತೇವೆ. ಆದರೆ ಆ ದಾನ ಎಷ್ಟು, ಯಾವಾಗ, ಏಕೆ, ಅದು ನಮಗೆ ಗೊತ್ತಾದದ್ದು ಹೇಗೆ ಎಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೈಸ್ಕೂಲು ಹುಡುಗ ನನ್ನನ್ನು ಹೀಗೆ ಕೇಳಿದಾಗ ನಾನೂ ಸುಮ್ಮನಾಗಿದ್ದೆ. ಆಮೇಲೆ ಹುಡುಕಿ ಓದಿದೆ.

ಶೃಂಗೇರಿ ಮಠಕ್ಕೂ ಅರಸರಿಗೂ ಇದ್ದ ಸಂಬಂಧ ಹಳೆಯದು. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ತಮ್ಮ ಗೆಲುವಿನ ಸಂಭ್ರಮಕ್ಕೆ ಶೃಂಗೇರಿಗೆ ಬಂದು, ಭಾರತೀತೀರ್ಥರಿಗೂ ಶಿಷ್ಯರಿಗೂ ಭೂಮಿ ಬಿಟ್ಟುಕೊಟ್ಟ ಶಾಸನ ಅಲ್ಲೇ ಇದೆ. ಹನ್ನೆರಡು ರಾಶಿಕಂಬಗಳ ವಿದ್ಯಾಶಂಕರ ದೇವಾಲಯ ಆ ಕಾಲದ್ದೇ. ನಂತರ ಕೆಳದಿಯ ನಾಯಕರು ಬಂದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಮಲೆನಾಡಿನ ಈ ಭಾಗವೆಲ್ಲ ಮೈಸೂರಿಗೆ ಸೇರಿತು. ಮಠವೂ ಅವನ ಆಡಳಿತಕ್ಕೆ ಬಂತು. ಅರಸು ಬದಲಾದಾಗ ಹಳೆಯ ಇನಾಮುಗಳನ್ನು ಹೊಸ ಅರಸನಿಂದ ಸನದು ಬರೆಸಿಕೊಂಡು ಮುಂದುವರಿಸುವುದು ಅಂದಿನ ಪದ್ಧತಿ. ಹೈದರ್ ಅದನ್ನು ಮುಂದುವರಿಸಿದ. ಅಷ್ಟೇ ಅಲ್ಲ, ಪುಣೆಯ ಕಡೆಯಿಂದ ಸ್ವಾಮಿಗಳಿಗೆ ಆಹ್ವಾನ ಬಂದಾಗ ಪ್ರಯಾಣಕ್ಕೆಂದು ಆನೆ, ಕುದುರೆ, ಒಂಟೆ, ಪಲ್ಲಕ್ಕಿ ಮತ್ತು 10,500 ರೂಪಾಯಿ ಕಳಿಸಿದ. ದೇವಿಗೆ ಜರಿಯ ಬಟ್ಟೆ, ಸ್ವಾಮಿಗಳಿಗೆ ಶಾಲು ಕಳಿಸಿದ. ಓದು ಬರಹ ಕಲಿಯದ ಸಿಪಾಯಿ ಹೈದರ್. ಆದರೆ ಗುರುಗಳಿಗೆ ಪತ್ರ ಬರೆಸುವಾಗ ಏನು ಮಾತು ಬಳಸಬೇಕೆಂದು ಅವನಿಗೆ ಗೊತ್ತಿತ್ತು.

ಇನ್ನು 1791ಕ್ಕೆ ಬರೋಣ. ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಇಂಗ್ಲಿಷರು, ಹೈದರಾಬಾದಿನ ನಿಜಾಮರು ಮತ್ತು ಮರಾಠರು. ಮೂವರಲ್ಲಿ ಒಬ್ಬರು ಮುಸ್ಲಿಮರೇ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದನ್ನು ಧರ್ಮಯುದ್ಧವೆಂದು ಹೇಳುವವರು ನಮ್ಮಲ್ಲೂ ಇದ್ದಾರೆ, ಅವರಲ್ಲೂ ಇದ್ದಾರೆ. ಆ ವರ್ಷ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದ. ಉತ್ತರದಿಂದ ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯ ಧಾರವಾಡವನ್ನು ಗೆದ್ದು ಕೆಳಗಿಳಿಯುತ್ತಿತ್ತು. ಆ ಸೈನ್ಯದಲ್ಲಿ ರಘುನಾಥರಾವ್ ಪಟವರ್ಧನನ ಕುದುರೆ ದಳವಿತ್ತು. ಹಿಂದೆ ಮುಂದೆ ಪಿಂಡಾರಿಗಳಿದ್ದರು. ಪಿಂಡಾರಿಗಳಿಗೆ ಸಂಬಳವಿಲ್ಲ. ಲೂಟಿಯೇ ಅವರ ಸಂಬಳ.

ಆ ದಳ ಶೃಂಗೇರಿಗೆ ನುಗ್ಗಿತು. ಮಠವನ್ನೂ ದೇವಾಲಯವನ್ನೂ ದೋಚಿದರು. ಬ್ರಾಹ್ಮಣರೂ ಸೇರಿ ಅನೇಕರನ್ನು ಕೊಂದರು, ಗಾಯಗೊಳಿಸಿದರು. ಶಾರದಾ ದೇವಿಯ ಮೂರ್ತಿಯನ್ನು ಅದರ ಸ್ಥಾನದಿಂದ ಕಿತ್ತರು. ಮಠಕ್ಕಾದ ನಷ್ಟ 60 ಲಕ್ಷ ರೂಪಾಯಿ ಎಂದು ಮಠದ ಕಡೆಯಿಂದ ಹೇಳಲಾಯಿತು. ಲೆಕ್ಕ ಹೆಚ್ಚು ಕಡಿಮೆ ಇರಬಹುದು, ಆದರೆ ಶತಮಾನಗಳಿಂದ ಕೂಡಿಟ್ಟದ್ದು ಹೋಯಿತು ಎಂಬುದರಲ್ಲಿ ಸಂಶಯವಿಲ್ಲ. ಪಟವರ್ಧನರು ಬ್ರಾಹ್ಮಣ ಮನೆತನದವರು. ಅವರ ಸೈನ್ಯ ಬ್ರಾಹ್ಮಣರ ಅತಿ ದೊಡ್ಡ ಪೀಠವೊಂದನ್ನು ಹಾಳುಗೆಡವಿತ್ತು. ಮರಾಠಿ ಕಾಗದಗಳಲ್ಲೂ ಈ ಲೂಟಿಯ ಪ್ರಸ್ತಾಪವಿದೆ, ಅದರ ಬಗ್ಗೆ ನಾಚಿಕೆಯೂ ಇದೆ. ತಪ್ಪನ್ನು ಪಿಂಡಾರಿಗಳ ಮೇಲೆ ಹಾಕಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಸೈನ್ಯವನ್ನು ತಂದವನು ಅದರ ಬಾಲವನ್ನೂ ತಂದವನೇ ಅಲ್ಲವೇ.

ಇದನ್ನು ಬರೆಯುವಾಗ ಮರಾಠರ ಮೇಲೆ ಬೆರಳು ತೋರಿಸುವ ಉದ್ದೇಶ ನನಗಿಲ್ಲ. ಯುದ್ಧಕ್ಕೆ ಹೋದ ಸೈನ್ಯಗಳು ಏನು ಮಾಡುತ್ತವೆ ಎಂಬುದು ಗೊತ್ತಿದ್ದೇ ಹಝ್ರತ್ ಅಬೂಬಕರ್(ರ)ರು ಸಿರಿಯಾಕ್ಕೆ ದಂಡು ಕಳಿಸುವಾಗ ಸೇನಾಪತಿ ಯಝೀದ್ ಬಿನ್ ಅಬೂ ಸುಫ್ಯಾನ್(ರ)ರ ಜೊತೆ ಕಾಲ್ನಡಿಗೆಯಲ್ಲೇ ಸ್ವಲ್ಪ ದೂರ ನಡೆದು ಎಚ್ಚರಿಕೆ ಹೇಳಿದ್ದರು. ದೇವರಿಗಾಗಿ ಏಕಾಂತದಲ್ಲಿ ಕುಳಿತ ಸನ್ಯಾಸಿಗಳು ಸಿಗುತ್ತಾರೆ, ಅವರನ್ನು ಅವರ ಪಾಡಿಗೆ ಬಿಡಿ. ಫಲ ಕೊಡುವ ಮರ ಕಡಿಯಬೇಡಿ ಎಂಬ ಅರ್ಥದ ಮಾತುಗಳು ಅವು. ಆ ಉಪದೇಶವನ್ನು ನಮ್ಮ ಅರಸರೆಲ್ಲ ಪಾಲಿಸಿದರು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ.

ಶೃಂಗೇರಿಯ ಆಗಿನ ಪೀಠಾಧಿಪತಿಗಳು ಮೂರನೆಯ ಸಚ್ಚಿದಾನಂದ ಭಾರತಿಗಳು. 1770ರಿಂದ 1814ರವರೆಗೆ, ಅಂದರೆ 44 ವರ್ಷ ಪೀಠದಲ್ಲಿದ್ದವರು. ಅವರು ಕೆಲವೇ ಶಿಷ್ಯರೊಂದಿಗೆ ಮಠ ಬಿಟ್ಟು ಘಟ್ಟ ಇಳಿದು ಕಾರ್ಕಳ ಸೇರಿದರು. ಕಾರ್ಕಳ ಎಂದರೆ 1432ರ ಗೊಮ್ಮಟ ಮೂರ್ತಿಯ ಊರು, ಜೈನರ ಊರು. ಆಗ ಅದೂ ಟಿಪ್ಪುವಿನ ರಾಜ್ಯದೊಳಗೇ ಇತ್ತು. ಇತ್ತ ಶೃಂಗೇರಿಯಲ್ಲಿ ಮೂರ್ತಿ ಪೀಠದಲ್ಲಿಲ್ಲ, ಗುರುಗಳು ಊರಲ್ಲಿಲ್ಲ, ಉಗ್ರಾಣದಲ್ಲಿ ಅಕ್ಕಿಯಿಲ್ಲ. ಮಲೆನಾಡಿನ ಮಳೆಗಾಲ ಬೇರೆ ಹತ್ತಿರ ಬಂದಿತ್ತು. ಒಂದು ಮಳೆಗಾಲ ಒಲೆ ಹಚ್ಚದ ಮನೆ ನಮ್ಮ ಸೀಮೆಯಲ್ಲಿ ಏನಾಗುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗೋಡೆಗೆ ಪಾಚಿ, ಮರಕ್ಕೆ ಗೆದ್ದಲು, ಪುಸ್ತಕಕ್ಕೆ ಬೂಸಲು. ಇನ್ನೆರಡು ವರ್ಷ ಹಾಗೇ ಬಿಟ್ಟಿದ್ದರೆ ಶೃಂಗೇರಿಯೂ 'ಒಂದು ಕಾಲದಲ್ಲಿ ಇಲ್ಲಿ ಮಠವಿತ್ತು' ಎಂದು ಜನ ತೋರಿಸುವ ಜಾಗವಾಗಬಹುದಿತ್ತು. ನಾಡಿನಲ್ಲಿ ಅಂಥ ಜಾಗಗಳಿಗೆ ಕೊರತೆಯಿಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ 12ನೇ ಶತಮಾನದಲ್ಲಿ ಕೋಡಿಯ ಮಠವೆಂಬ ದೊಡ್ಡ ಕಾಳಾಮುಖ ಮಠವಿತ್ತು. ವೇದ, ವ್ಯಾಕರಣದ ಜೊತೆಗೆ ಬೌದ್ಧ ದರ್ಶನವನ್ನೂ ಅಲ್ಲಿ ಓದಿಸುತ್ತಿದ್ದರು. ಕುಂಟರು, ಕುರುಡರು, ಜೈನ ಸನ್ಯಾಸಿಗಳು ಎಲ್ಲರಿಗೂ ಊಟವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು ಎಂದು 1162ರ ಶಾಸನ ಹೇಳುತ್ತದೆ. ಇಂದು ಅಲ್ಲಿ ಕೇದಾರೇಶ್ವರ ಗುಡಿ ಮತ್ತು ಶಾಸನದ ಕಲ್ಲುಗಳಿವೆ. ಮಠವಿಲ್ಲ.

ಕಾರ್ಕಳದಿಂದ ಸ್ವಾಮಿಗಳು ತಮಗಾದದ್ದನ್ನೆಲ್ಲ ವಿವರಿಸಿ ಸುಲ್ತಾನನಿಗೆ ಪತ್ರ ಬರೆದರು. ದೇವಿಯನ್ನು ಮತ್ತೆ ಪ್ರತಿಷ್ಠಾಪಿಸಲು ನೆರವು ಕೇಳಿದರು. ಟಿಪ್ಪುವಿಗೆ ಆಗ ಯಾವ ಬಿಡುವೂ ಇರಲಿಲ್ಲ. ಬೆಂಗಳೂರು ಕೈಬಿಟ್ಟಿತ್ತು, ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ಹಿಂದಿರುಗಿದ್ದ. ಆದರೂ ಉತ್ತರ ಹೋಯಿತು, ಒಂದಲ್ಲ, ಸಾಲು ಸಾಲಾಗಿ. ಮೊದಲ ಉತ್ತರದಲ್ಲಿ ಸಿಟ್ಟಿದೆ. ಇಂಥ ಪುಣ್ಯ ಸ್ಥಳಕ್ಕೆ ಕೈಹಾಕಿದವರು ಅದರ ಫಲವನ್ನು ಬೇಗನೆ ಉಣ್ಣುತ್ತಾರೆ, ಗುರುದ್ರೋಹಿಗಳ ವಂಶ ಉಳಿಯುವುದಿಲ್ಲ ಎಂಬರ್ಥದ ಮಾತುಗಳಿವೆ. ನಗುತ್ತಾ ಪಾಪ ಮಾಡುವವರು ಅಳುತ್ತಾ ಅನುಭವಿಸುತ್ತಾರೆ ಎಂಬ ಅರ್ಥದ ಒಂದು ಸಂಸ್ಕೃತ ಸುಭಾಷಿತವನ್ನೂ ಸೇರಿಸಲಾಗಿದೆ. ಪತ್ರದ ಭಾಷೆ ಕನ್ನಡ. ದರಬಾರಿನ ಭಾಷೆ ಫಾರಸಿಯಾಗಿದ್ದ ಅರಸ, ಮಠಕ್ಕೆ ಬರೆಯುವಾಗ ಮಠ ಓದುವ ಭಾಷೆಯಲ್ಲಿ ಬರೆಸುತ್ತಿದ್ದ.

ಹಣದ ವಿಷಯ. ಬಿದನೂರಿನ ಆಸಫ್‌ಗೆ, ಅಂದರೆ ಆ ಪ್ರಾಂತದ ಅಧಿಕಾರಿಗೆ, ದೇವಿಯ ಪ್ರತಿಷ್ಠೆಗಾಗಿ 200 ರಾಹತಿ ನಗದು, 200 ರಾಹತಿಯ ಧಾನ್ಯ ಮೊದಲಾದ ಸಾಮಗ್ರಿ ಕೊಡಬೇಕೆಂದು ಆಜ್ಞೆ ಹೋಯಿತು. ರಾಹತಿ ಎಂಬುದು ಚಿನ್ನದ ಸಣ್ಣ ಹಣಕ್ಕೆ ಟಿಪ್ಪು ಇಟ್ಟ ಹೆಸರು. ಇಲ್ಲಿ ನಾನು ನಮ್ಮವರಿಗೆ ಒಂದು ಮಾತು ಹೇಳಬೇಕು. 60 ಲಕ್ಷದ ನಷ್ಟದ ಮುಂದೆ ಇದು ಚಿಕ್ಕ ಮೊತ್ತ. ನಮ್ಮ ಭಾಷಣಕಾರರು ಇದನ್ನು ಲಕ್ಷ, ಕೋಟಿ ಮಾಡುವ ಅಗತ್ಯವೇನೂ ಇಲ್ಲ. ಮೂರು ಸೈನ್ಯಗಳು ಮನೆ ಬಾಗಿಲಿಗೆ ಬಂದಿದ್ದಾಗ, ಬೊಕ್ಕಸದ ಒಂದೊಂದು ಹಣವೂ ಸಿಪಾಯಿಗಳಿಗೆ ಬೇಕಾಗಿದ್ದಾಗ, ಒಬ್ಬ ಮುಸ್ಲಿಮ್ ಅರಸ ಘಟ್ಟದ ಮೂಲೆಯ ಒಂದು ಮಠಕ್ಕೆ ಅಕ್ಕಿ ಧಾನ್ಯ ಕಳಿಸಲು ಅಧಿಕಾರಿಗೆ ಬರೆದ ಎಂಬುದೇ ಸಾಕು. ನಂತರದ ಪತ್ರಗಳಲ್ಲಿ ದೇವಿಗೆ ವಸ್ತ್ರ, ಸ್ವಾಮಿಗಳಿಗೆ ಶಾಲು, ಪಲ್ಲಕ್ಕಿ, ಹೋಮ ಜಪಗಳಿಗೆ ಖರ್ಚು ಎಲ್ಲ ಇವೆ.

ಹೋಮ ಜಪಗಳಿಗೆ ಎಂದೆ. ಇದನ್ನು ಓದುವಾಗ ನಮ್ಮಲ್ಲಿ ಕೆಲವರಿಗೆ ಇರುಸುಮುರುಸಾಗುತ್ತದೆ. ಶತ್ರುಗಳ ಸೋಲಿಗಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಿ ಎಂದು ಟಿಪ್ಪು ಸ್ವಾಮಿಗಳನ್ನು ಕೇಳಿಕೊಂಡದ್ದು ಪತ್ರಗಳಲ್ಲಿ ಸ್ಪಷ್ಟವಾಗಿದೆ. ಒಬ್ಬ ಮುಸ್ಲಿಮನಾಗಿ ಅದನ್ನು ನಾನು ಒಪ್ಪುತ್ತೇನೆಯೇ ಎಂಬುದು ಬೇರೆ ಪ್ರಶ್ನೆ. ಇತಿಹಾಸ ಬರೆಯುವಾಗ ನಮಗೆ ಇಷ್ಟವಾದ ಸಾಲನ್ನು ಉಳಿಸಿ, ಇಷ್ಟವಾಗದ ಸಾಲನ್ನು ಅಳಿಸುವಂತಿಲ್ಲ. ಇದೇ ಮಾತು ಇನ್ನೊಂದು ಕಡೆಗೂ ಸಲ್ಲುತ್ತದೆ. ಇದೇ ಟಿಪ್ಪುವಿನ ಸೈನ್ಯ ಕೊಡಗಿನಲ್ಲಿ, ಮಲಬಾರಿನಲ್ಲಿ ನಡೆದುಕೊಂಡ ರೀತಿ, 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಕೂಡ ಇತಿಹಾಸವೇ. ಆ ಜನರ ಮೊಮ್ಮಕ್ಕಳ ನೋವಿಗೆ ಶೃಂಗೇರಿಯ ಪತ್ರ ತೋರಿಸಿ ಬಾಯಿ ಮುಚ್ಚಿಸುವುದು ಅನ್ಯಾಯ. ಹಾಗೆಯೇ ಕೊಡಗನ್ನು ತೋರಿಸಿ ಶೃಂಗೇರಿಯ ಪತ್ರಗಳನ್ನು ಇಲ್ಲವೆನ್ನುವುದೂ ಅನ್ಯಾಯ.

"ಅದೆಲ್ಲ ಕಷ್ಟಕಾಲದ ರಾಜಕಾರಣ, ಸೋಲುವ ಅರಸ ಜನರನ್ನು ಒಲಿಸಿಕೊಳ್ಳಲು ಮಾಡಿದ್ದು" ಎನ್ನುವವರಿದ್ದಾರೆ. ರಾಜಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅರಸರು ಮಾಡುವುದೆಲ್ಲ ರಾಜಕಾರಣವೇ. ಆದರೆ ಕಾಲದ ಲೆಕ್ಕ ನೋಡಿ. ಹೈದರನ ಕಾಲದಲ್ಲೇ ಮಠಕ್ಕೆ ಪತ್ರ, ಕಾಣಿಕೆ ಹೋಗುತ್ತಿತ್ತು, ಅವು ಅವನ ಏಳಿಗೆಯ ದಿನಗಳು. ಇನ್ನು ಯುದ್ಧ 1792ರಲ್ಲಿ ಮುಗಿಯಿತು. ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರಿಗೆ ಕೊಟ್ಟ. ಒಲಿಸಿಕೊಳ್ಳುವ ಯುದ್ಧ ಮುಗಿದಿತ್ತು. ಆದರೂ ಪತ್ರಗಳು ನಿಲ್ಲಲಿಲ್ಲ. 1793ರಲ್ಲಿ ಸ್ವಾಮಿಗಳು ಪುಣೆಯ ಕಡೆ ಹೋಗಿದ್ದರು. ಆಗಿನ ಪತ್ರದಲ್ಲಿ ಟಿಪ್ಪು ಕೇಳುತ್ತಾನೆ: ತಮ್ಮಂಥವರು ಇದ್ದ ನಾಡಿಗೆ ಮಳೆ ಬೆಳೆ ಚೆನ್ನಾಗಿರುತ್ತದೆ, ಪರರಾಜ್ಯದಲ್ಲಿ ಅಷ್ಟು ಕಾಲ ಏಕೆ ಇರಬೇಕು, ಕೆಲಸ ಮುಗಿಸಿ ಬೇಗ ಬನ್ನಿ. ಮಾತು ನನ್ನದು, ಅರ್ಥ ಪತ್ರದ್ದು. ಮಕ್ಕಳಿಬ್ಬರು ಮದರಾಸಿನಲ್ಲಿ ಒತ್ತೆಯಾಗಿದ್ದ ಒಬ್ಬ ತಂದೆ ಇದನ್ನು ಬರೆಸಿದ್ದು ಎಂಬುದನ್ನು ನೆನೆದಾಗ ನನಗೆ ಆ ಪತ್ರ ಬೇರೆಯಾಗಿ ಕೇಳಿಸುತ್ತದೆ.

ಮಠ ಮತ್ತೆ ಮಠವಾಯಿತು. ಶಾರದೆ ಪೀಠಕ್ಕೆ ಮರಳಿದಳು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನ ಹುತಾತ್ಮನಾದ. ಸಚ್ಚಿದಾನಂದ ಭಾರತಿಗಳು ಅದಾದ ಮೇಲೂ 15 ವರ್ಷ ಪೀಠದಲ್ಲಿದ್ದರು.

ಇಲ್ಲಿಯವರೆಗಿನ ಕಥೆಯನ್ನು ನೀವು ಬೇರೆ ಕಡೆ ಓದಿರಬಹುದು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಕಾಗದಗಳಿಗೆ ಮುಂದೆ ಏನಾಯಿತು ಎಂಬುದು. ಕೋಟೆ ಬಿದ್ದ ದಿನ ಅರಮನೆ ಲೂಟಿಯಾಯಿತು. ಸುಮಾರು 2000 ಹಸ್ತಪ್ರತಿಗಳಿದ್ದ ಗ್ರಂಥಾಲಯವನ್ನು ಇಂಗ್ಲಿಷರು ಕಲ್ಕತ್ತಾಕ್ಕೂ ಇಂಗ್ಲೆಂಡಿಗೂ ಹಂಚಿಕೊಂಡು ಒಯ್ದರು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ಪಟ್ಟಿಯನ್ನು ಅಚ್ಚು ಹಾಕಿಸಿದ. ದಫ್ತರದ ಫಾರಸಿ ಪತ್ರಗಳು ಅವರ ಕೈಗೆ ಹೋದವು. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಕೆಲವನ್ನು ಆರಿಸಿ ಇಂಗ್ಲಿಷಿಗೆ ತಂದು ಪ್ರಕಟಿಸಿದ. ಗೆದ್ದವನು ಸೋತವನ ಪತ್ರಗಳನ್ನು ಆರಿಸಿದರೆ ಯಾವುದನ್ನು ಆರಿಸುತ್ತಾನೆ? ಅದರಲ್ಲಿ ಕಂಡ ಟಿಪ್ಪು ಕ್ರೂರಿ, ಮತಾಂಧ. ಸುಲ್ತಾನನ ಮಕ್ಕಳನ್ನು ವೇಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತಾಕ್ಕೆ ಸಾಗಿಸಿದರು. ಆ ಮನೆತನಕ್ಕೆ ತನ್ನ ಪರವಾಗಿ ಹೇಳಿಕೊಳ್ಳಲು ಒಂದು ಕಾಗದವೂ ಉಳಿದಿರಲಿಲ್ಲ.

ಉಳಿದದ್ದು ಶೃಂಗೇರಿಯಲ್ಲಿ. ಮಠದ ದಫ್ತರ ದೊಡ್ಡದು. ಅಲ್ಲಿ ಕಾಗದಗಳ ಬಸ್ತೆಗಳ ಜೊತೆ ಕಡತಗಳೂ ಇದ್ದವು. ಈಗ ನಾವು ಸರ್ಕಾರಿ ಫೈಲಿಗೆ ಕಡತ ಎನ್ನುತ್ತೇವೆ. ನಿಜವಾದ ಕಡತವೆಂದರೆ ಹುಣಸೆ ಬೀಜದ ಅಂಟಿಗೆ ಇದ್ದಿಲು ಕಲಸಿ ಬಳಿದ ಬಟ್ಟೆ, ಮಡಿಸಿ ಮಡಿಸಿ ಪುಸ್ತಕದಂತೆ ಮಾಡಿದ್ದು, ಬಳಪದಲ್ಲಿ ಬರೆಯುವುದು. ಜಮೀನು, ಗೇಣಿ, ಇನಾಮು, ಯಾರು ಏನು ಕೊಟ್ಟರು, ಯಾರಿಗೆ ಏನು ಕೊಡಬೇಕು ಎಲ್ಲವನ್ನೂ ಬರೆದಿಡುವ ಸಂಪ್ರದಾಯ ಮಠದಲ್ಲಿತ್ತು. ಟಿಪ್ಪುವಿನ ಪತ್ರಗಳನ್ನು ಮಠ ಇಟ್ಟುಕೊಂಡದ್ದು ಟಿಪ್ಪುವಿನ ಮೇಲಿನ ಪ್ರೀತಿಯಿಂದಲೇ ಎಂದು ನಾನು ಹೇಳಲಾರೆ. ಕಾಗದಕ್ಕೆ ಬೆಲೆ ಇದೆ ಎಂಬುದು ಗೊತ್ತಿದ್ದ ಸಂಸ್ಥೆ ಅದು. ಮೈಸೂರು ಒಡೆಯರ ಕಾಲ ಬಂತು, ಇಂಗ್ಲಿಷರ ಕಮಿಷನರುಗಳು ಬಂದರು ಹೋದರು. ಟಿಪ್ಪುವಿನ ಹೆಸರು ಹೇಳಿದರೆ ಲಾಭವಿಲ್ಲದ ಆ ಕಾಲದಲ್ಲೂ ಯಾರೂ ಅವುಗಳನ್ನು ಹರಿದು ಬಿಸಾಡಲಿಲ್ಲ. ಮಳೆ, ಗೆದ್ದಲು, ಬೆಂಕಿಯಿಂದ 125 ವರ್ಷ ಕಾಪಾಡಿದರು.

1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರು ಮಠದ ದಾಖಲೆಗಳನ್ನು ನೋಡಿದರು. 'ಕರ್ಣಾಟಕ ಕವಿಚರಿತೆ' ಬರೆದ ಅದೇ ನರಸಿಂಹಾಚಾರ್ಯರು. ಹೈದರ್ ಮತ್ತು ಟಿಪ್ಪುವಿನ ಪತ್ರಗಳು ಅವರ ಕಣ್ಣಿಗೆ ಬಿದ್ದವು. ಟಿಪ್ಪುವಿನವೇ ಇಪ್ಪತ್ತಕ್ಕೂ ಹೆಚ್ಚು. ಅವರು ಅವುಗಳ ಸಾರವನ್ನು ಇಲಾಖೆಯ ಆ ವರ್ಷದ ವರದಿಯಲ್ಲಿ ಪ್ರಕಟಿಸಿದರು. ಮುಂದೆ ಬಂಗಾಳದ ಇತಿಹಾಸಕಾರ ಸುರೇಂದ್ರನಾಥ ಸೇನ್ ಈ ಪತ್ರಗಳ ಮೇಲೆ ಲೇಖನ ಬರೆದರು. ಹೀಗೆ ಲೋಕಕ್ಕೆ ಗೊತ್ತಾಯಿತು. ಈ ಸಾಲನ್ನು ಒಮ್ಮೆ ನಿಧಾನವಾಗಿ ನೋಡಿ. ಕಾಗದ ಕಾಪಾಡಿದ್ದು ಬ್ರಾಹ್ಮಣರ ಮಠ. ಓದಿದ್ದು ಬ್ರಾಹ್ಮಣ ವಿದ್ವಾಂಸರು. ಅಚ್ಚು ಹಾಕಿದ್ದು, ಹೈದರ್ ಮತ್ತು ಟಿಪ್ಪುವಿನ ಕೈಗೆ ಹೋಗಿದ್ದ ಅಧಿಕಾರವನ್ನು ಮರಳಿ ಪಡೆದ ಒಡೆಯರ ಸರ್ಕಾರ. ಇಡೀ ಸರಣಿಯಲ್ಲಿ ಒಬ್ಬ ಮುಸ್ಲಿಮನೂ ಇಲ್ಲ. ಇಂದು ನಾವು ವೇದಿಕೆಯಲ್ಲಿ ಎದೆತಟ್ಟಿ ಹೇಳಿಕೊಳ್ಳುವ ಸಾಕ್ಷ್ಯ ನಮ್ಮ ಪೆಟ್ಟಿಗೆಯಲ್ಲಿ ಉಳಿದದ್ದಲ್ಲ. ಅದು ನೆರೆಯವರ ಪೆಟ್ಟಿಗೆಯಲ್ಲಿ ಉಳಿಯಿತು.

ಇಂಥದ್ದು ಇಲ್ಲಿ ಮಾತ್ರ ಆಗಿದ್ದಲ್ಲ. ಸಿನಾಯ್ ಪರ್ವತದ ಬುಡದಲ್ಲಿ, ಮೂಸಾ(ಅ)ರ ನೆನಪಿನ ಆ ಜಾಗದಲ್ಲಿ, 6ನೇ ಶತಮಾನದ ಸೇಂಟ್ ಕ್ಯಾಥರೀನ್ ಎಂಬ ಕ್ರೈಸ್ತ ಮಠವಿದೆ. ಅದರ ಗೋಡೆಯೊಳಗೇ ಫಾತಿಮೀ ಕಾಲದ ಒಂದು ಚಿಕ್ಕ ಮಸೀದಿಯಿದೆ. ಈಜಿಪ್ಟಿನ ಫಾತಿಮೀ ಖಲೀಫರ ದಫ್ತರ ಇಂದು ಎಲ್ಲೂ ಇಲ್ಲ, ಅವರ ರಾಜ್ಯದೊಂದಿಗೆ ಅದೂ ಹೋಯಿತು. ಆದರೆ ಆ ಮಠಕ್ಕೆ ರಕ್ಷಣೆ ಕೊಟ್ಟು ಅವರು ಬರೆಸಿದ ಮೂಲ ಫರ್ಮಾನುಗಳು ಮಠದ ಸನ್ಯಾಸಿಗಳ ಬಳಿ ಉಳಿದವು. 1964ರಲ್ಲಿ ಎಸ್.ಎಂ. ಸ್ಟರ್ನ್ ಎಂಬ ವಿದ್ವಾಂಸರು ಫಾತಿಮೀ ಫರ್ಮಾನುಗಳ ಪುಸ್ತಕ ತಂದಾಗ ಅದರಲ್ಲಿ ಹೆಚ್ಚಿನವು ಆ ಮಠದವು.

ಈಗ ನನ್ನದೇ ಒಂದು ಮಾತು. ಹೇಳಲು ಸ್ವಲ್ಪ ಸಂಕೋಚವಾಗುತ್ತದೆ.

ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ನಮ್ಮ ಊರಿನ ಮಸೀದಿಗೆ ಸುಣ್ಣ ಬಳಿಸಿದರು. ಊರು ತುಂಗೆಯ ದಡದಲ್ಲಿ, ಶೃಂಗೇರಿಯಿಂದ ಕೆಳಗೆ. ಮಸೀದಿಯ ಅಟ್ಟದ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆಯಿತ್ತು. ಅದರಲ್ಲಿ ಹರಿದ ಮುಸ್‌ಹಫಿನ ಹಾಳೆಗಳು, ಉರ್ದು ಕಿತಾಬುಗಳು, ಜೊತೆಗೆ ಮಡಿಸಿಟ್ಟ ದಪ್ಪ ಕಾಗದಗಳು. ಗೆದ್ದಲು ಹತ್ತಿತ್ತು. ಅಲ್ಲಾಹನ ಹೆಸರಿರುವ ಹಾಳೆ ಕಾಲಡಿಗೆ ಬೀಳಬಾರದು, ಹರಿಯುವ ನೀರಿಗೆ ಬಿಡಬೇಕು ಎಂಬುದು ನಮ್ಮ ಹಿರಿಯರ ಅದಬ್. ಅದು ಸರಿಯಾದ ಅದಬ್ ಕೂಡ. ಹಿರಿಯರು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿದರು. ಅರಬಿ ಅಕ್ಷರ ಕಂಡದ್ದೆಲ್ಲ ಪವಿತ್ರ ಹಾಳೆಯೇ ಎಂದು ಅವರ ಲೆಕ್ಕ. ಫಾರಸಿ ಓದಬಲ್ಲವರು ಆಗ ಊರಲ್ಲಿ ಒಬ್ಬರೂ ಇರಲಿಲ್ಲ. ನನ್ನನ್ನೂ ಇನ್ನೊಬ್ಬ ಹುಡುಗನನ್ನೂ ಕರೆದು, ವುಝೂ ಮಾಡಿಸಿ, ಚೀಲಕ್ಕೆ ಎರಡು ಕಲ್ಲು ಕಟ್ಟಿ, ಹೊಳೆಯ ಮಡುವಿಗೆ ಬಿಟ್ಟುಬರಲು ಕಳಿಸಿದರು. ನಾವು ಬಿಸ್ಮಿಲ್ಲಾ ಹೇಳಿ ಬಿಟ್ಟೆವು. ಚೀಲ ಮುಳುಗುವ ಮೊದಲು ಬಾಯಿ ಸ್ವಲ್ಪ ತೆರೆದು ಒಂದು ಕಾಗದ ಮೇಲೆ ತೇಲಿತು. ಅದರ ತಲೆಯ ಮೇಲೆ ಅಗಲವಾದ ಕಪ್ಪು ಮೊಹರು ಇತ್ತು. ಚೆನ್ನಾಗಿ ನೆನಪಿದೆ, ಏಕೆಂದರೆ ಜೊತೆಗಿದ್ದವನು ಅದನ್ನು ಹಿಡಿಯಲು ಹೋಗಿ ಜಾರಿ ಬಿದ್ದ.

ಕುರ್‌ಆನಿನಲ್ಲಿ ಮುಸ್‌ಹಫಿನ ಹಾಳೆಗೆ ತೋರಬೇಕಾದ ಗೌರವ ಮಾತ್ರ ಹೇಳಿಲ್ಲ. ಅದರ ಅತಿ ಉದ್ದದ ಸೂಕ್ತ, ಅಲ್-ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟು ಬರೆಯಿರಿ, ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂದು ಹೇಳುವುದಕ್ಕೇ ಮೀಸಲು. ಆ ಸೂಕ್ತವನ್ನು ರಮಝಾನಿನಲ್ಲಿ ತರಾವೀಹ್‌ನಲ್ಲಿ ಪ್ರತಿ ವರ್ಷ ಕೇಳುತ್ತೇವೆ. ನಮ್ಮ ಎಷ್ಟು ಜಮಾಅತ್‌ಗಳಲ್ಲಿ 50 ವರ್ಷ ಹಳೆಯ ನಡಾವಳಿ ಪುಸ್ತಕ ಸಿಗುತ್ತದೆ? ಖಬರಸ್ತಾನದ ಜಾಗ ಯಾರು ಕೊಟ್ಟದ್ದು ಎಂದು ಕೇಳಿದರೆ ಮುತವಲ್ಲಿಗಳು ಹಿರಿಯರ ಬಾಯಿ ಮಾತು ಹೇಳುತ್ತಾರೆ. ಆ ಹಿರಿಯರು ಅದೇ ಖಬರಸ್ತಾನದಲ್ಲಿ ಮಲಗಿದ್ದಾರೆ. 2025ರ ವಕ್ಫ್ ತಿದ್ದುಪಡಿ ಕಾಯಿದೆ ಬಂದ ಮೇಲೆ, ಬಹುಕಾಲದ ಬಳಕೆಯಿಂದ ವಕ್ಫ್ ಆಗುತ್ತದೆ ಎಂಬ ಹಳೆಯ ತತ್ವಕ್ಕೆ ಮುಂದಕ್ಕೆ ಜಾಗವಿಲ್ಲ. ಕಾಯಿದೆಯ ಸರಿ ತಪ್ಪು ಬೇರೆ ಚರ್ಚೆ. ಆದರೆ ಕಾಗದ ಕೇಳುವವರು ಈಗ ಬಾಗಿಲಿಗೆ ಬಂದಿದ್ದಾರೆ. ನಮ್ಮ ಹೊಳೆಯ ಮೇಲ್ದಂಡೆಯಲ್ಲಿ ಒಂದು ಸಂಸ್ಥೆ ನಮ್ಮ ಸುಲ್ತಾನನ ಪತ್ರವನ್ನು ಒಂದೂಕಾಲು ಶತಮಾನ ಇಟ್ಟುಕೊಂಡಿತು. ಕೆಳದಂಡೆಯಲ್ಲಿ ನಾನು ವುಝೂ ಮಾಡಿ ನಮ್ಮದೇ ಕಾಗದವನ್ನು ಅದೇ ನೀರಿಗೆ ಬಿಟ್ಟೆ.

ಆ ಚೀಲದಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ. ಸನದೇ ಇರಬಹುದು, ಯಾರದೋ ನಿಕಾಹ್‌ನಾಮಾ ಇರಬಹುದು.

ಜುಮಾದ ಖುತ್ಬಾ ಮುಗಿದ ಮೇಲೆ ಇದನ್ನು ನಾನು ಖತೀಬರ ಬಳಿ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರ ಮಿಂಬರ್‌ನಿಂದ ಒಂದು ಮಾತು ಹೇಳಿದರು: ಮನೆಗಳಲ್ಲಿ ಹಳೆಯ ಕಾಗದಗಳಿದ್ದರೆ ನೀರಿಗೆ ಬಿಡುವ ಮೊದಲು ಒಮ್ಮೆ ತಂದು ತೋರಿಸಿ, ಕುರ್‌ಆನಿನ ಹಾಳೆಗಳನ್ನು ನಾವೇ ಬೇರೆ ಮಾಡಿ ಕೊಡುತ್ತೇವೆ. ಮೊದಲ ಎರಡು ವಾರ ಯಾರೂ ಬರಲಿಲ್ಲ. ಮೂರನೆಯ ವಾರ ಕೊಪ್ಪದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಕಳಿಸಿದರು. ಒಳಗೆ ನಾಲ್ಕಾಗಿ ಮಡಿಸಿದ ಒಂದೇ ಒಂದು ಕಾಗದ. ಅಕ್ಷರ ಫಾರಸಿಯಲ್ಲ, ಕನ್ನಡದ ಮೋಡಿ. ಊರಲ್ಲಿ ಯಾರಿಗೂ ಓದಲಾಗಲಿಲ್ಲ. ಫೋಟೋ ತೆಗೆದು ಮೋಡಿ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರಿಗೆ ಕಳಿಸಿದೆವು. ಮೇಷ್ಟ್ರು ಎರಡು ದಿನ ಕಷ್ಟಪಟ್ಟು ಓದಿ ಫೋನ್ ಮಾಡಿದರು. ಅದು ಅಡಿಕೆ ಮಾರಿದ ಲೆಕ್ಕ. ಇಷ್ಟು ಮಣ, ಇಷ್ಟು ರೂಪಾಯಿ, ಬಾಕಿ ಇಷ್ಟು.

ಖತೀಬರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ 1 ಎಂದು ನಂಬರು ಬರೆದು, ಮಸೀದಿಯ ಬೀರುವಿನಲ್ಲಿ ಇಟ್ಟಿದ್ದಾರೆ.